ಪಕ್ಕದ ಮನೆಯ ಸಿಪಾಯಿಯ ಕೊರಿಯಾ ಪಾಠ

ಯುದ್ಧ ಮುಗಿದ ಮಾರನೆಯ ವರ್ಷ ಮದ್ದೂರಿನ ನಮ್ಮ ಪಕ್ಕದ ಮನೆಯ ಸಿಪಾಯಿ ಜಪಾನೀಯರ ಸೆರೆಯಿಂದ ಬಿಡುಗಡೆಯಾಗಿ ಬಂದ. ಬಂದವನು ಮಾತು ಬಿಟ್ಟಿದ್ದ. "ಕೂಗುದ್ರೆ ತಿರುಗ್ತಾನೆ, ಮಾತಾಡಕಿಲ್ಲ ಮೇಷ್ಟ್ರೇ," ಎಂದು ಅವನ ತಾಯಿ ನನ್ನಲ್ಲಿ ಹೇಳಿಕೊಂಡಳು.

ಸೆರೆಯಲ್ಲಿ ಜಪಾನೀಯರ ಕೈಕೆಳಗೆ ಕಾವಲಿಗಿದ್ದ ಕೊರಿಯಾದವನೊಬ್ಬನಿಂದ ಅವನು ಕೊರಿಯಾದ ಭಾಷೆ ಕಲಿತಿದ್ದನೆಂದು, ಜೊತೆಗೆ ಬಿಡುಗಡೆಯಾಗಿ ಬಂದವರಿಂದ ಕೇಳಿದ್ದೆ. ಮಾತಾಡಿಸಲು ನೆಪವಾಯಿತೆಂದು ಸ್ಲೇಟು, ಬಳಪ ಹಿಡಿದು ಹೋಗಿ, ನನಗೂ ಕಲಿಸು, ಮೊದಲ ಅಕ್ಷರ ಬರೆ ಎಂದೆ.

ಅವನು ಸ್ಲೇಟನ್ನು ಬೋರಲು ಹಾಕಿದ. "ಅಕ್ಸರ ಆಮ್ಯಾಕೆ ಮೇಷ್ಟ್ರೇ. ಕೈಗೆ ಸಿಕ್ಕಿದ್ದು ಮೊದ್ಲು." ಪಕ್ಕದ ಚೆಂಬನ್ನು ಎರಡು ಬೆರಳಿಂದ ತಟ್ಟಿ, ನೀರು ತೋರಿಸಿ, "ಮುಲ್" ಎಂದ. ನಾನೂ ಅಂದೆ. ಅವನೇ ಮುಂದುವರಿಸಿದ: "ಜರ ಬಂದು ಬಿದ್ದಿದ್ದಾಗ ನಂಗೆ ಬತ್ತಿದ್ದುದು ಇದೊಂದೇ ಮಾತು. ಕೇಳ್ದೆ. ಆ ಕಾವಲಿನವ್ನು ಕೋವಿ ಕೆಳಗಿಟ್ಟು ಕುಡಿಸ್ದ."

ಅಂದಿನಿಂದ ಸಂಜೆ ಜಗಲಿಯಲ್ಲಿ ಪಾಠ. ಅನ್ನ, ಕೈ, ಬಾಗಿಲು, ಎಲ್ಲವನ್ನೂ ಮುಟ್ಟಿಯೇ ಹೆಸರು ಹೇಳುತ್ತಿದ್ದ. ನಾನು ಬರೆದುಕೊಳ್ಳಲು ಹೋದರೆ, "ಕೈಗೆ ಸಿಕ್ಕಿದ್ದು ಮೊದ್ಲು," ಎಂದು ಬಳಪ ಕಿತ್ತುಕೊಳ್ಳುತ್ತಿದ್ದ. ಹತ್ತು ದಿನವಾದರೂ ನನ್ನ ತಲೆಯಲ್ಲಿ ನಾಲ್ಕು ಪದವೂ ನಿಲ್ಲಲಿಲ್ಲ. ಪಾಠ ಮುಗಿದರೆ ಅವನು ಮತ್ತೆ ಮೂಕ, ತಾಯಿಯ ಮುಂದೂ.

ಒಂದು ಸಂಜೆ ಅವನಿಗೆ ಕೆಮ್ಮು ಹತ್ತಿತು. ದಿನವೂ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ತಾಯಿ ಚೆಂಬು ಹಿಡಿದು ಹೊರಬಂದಳು.

"ತಗೊಳಪ್ಪ, ಮುಲ್."

ಅವನು ಪೂರ್ತಿ ಕುಡಿದ. ಅವಳ ಮುಖವನ್ನೇ ನೋಡಿದ.

"ಅವ್ವ, ಮೇಷ್ಟ್ರಿಗಿಂತ ನೀನೇ ವಾಸಿ ಕಣವ್ವ," ಎಂದು ನಕ್ಕ.

ನಾನು ಸ್ಲೇಟು ಎತ್ತಿಕೊಂಡು ಮನೆಗೆ ಬಂದೆ.