ತೊಂಬತ್ತು ದಿನದ ಡಬ್ಬಿ

ರಾಯಚೂರಿನ ಕಾಲೇಜೊಂದರಲ್ಲಿ ಕನಕರಾಯ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದ. ದೇವದುರ್ಗದ ಕಡೆ ಜಾಲಹಳ್ಳಿಯವನು. ಮದುವೆಯಾಗಿರಲಿಲ್ಲ, ಹೆಣ್ಣು ಕೊಡಲು ಬಂದವರ ಎದುರೂ ಬೆಳಕಿನ ಮಾತೇ ತೆಗೆದರೆ ಯಾರು ಕೊಟ್ಟಾರು? 1979ರಲ್ಲಿ ಅವನಿಗೆ ನಲವತ್ತೆರಡು.

ಅವನ ತಲೆ ಕೊರೆಯುತ್ತಿದ್ದುದು ಒಂದೇ ಸಂಗತಿ. ಬೆಳಕು ಕಾಳಿನ ಹಾಗೆ ಒಂದೊಂದಾಗಿ ಬರುತ್ತದೆ. ಆದರೂ ಎರಡು ಸೀಳು ಎದುರಿಟ್ಟರೆ ಅಲೆಯ ಹಾಗೆ ಎರಡರಲ್ಲೂ ನುಗ್ಗಿ, ಆಚೆ ಕಪ್ಪು ಬಿಳಿ ಪಟ್ಟೆ ಮೂಡಿಸುತ್ತದೆ. ಯಾವ ಸೀಳಿನಿಂದ ಬಂತೆಂದು ನೋಡಹೊರಟರೆ ಪಟ್ಟೆ ಮಾಯ. ಬೆಳಕು ಸೀಳು ದಾಟಿದ ಮೇಲೆ ನೋಡಲು ನಿರ್ಧರಿಸಿದರೂ ಅಷ್ಟೇ ಎಂಬ ವಾದವನ್ನು ಹೈದರಾಬಾದಿನಿಂದ ತರಿಸಿದ ಪತ್ರಿಕೆಯಲ್ಲಿ ಓದಿದ್ದ. ಹಾಗಾದರೆ ಕಾರಣ ಮೊದಲೋ, ಪರಿಣಾಮ ಮೊದಲೋ? ಇದನ್ನು ಯಾರಿಗಾದರೂ ಹೇಳಬೇಕು, ಅವರು ಕೊನೆಯವರೆಗೆ ಕೇಳಬೇಕು ಎಂಬುದೇ ಅವನ ಹಸಿವು. ಸ್ಟಾಫ್ ರೂಮಿನಲ್ಲಿ ಅವನು ಬಾಯಿ ತೆರೆದರೆ ಗಂಟೆ ಹೊಡೆಯುವ ಮೊದಲೇ ಎಲ್ಲರೂ ಎದ್ದು ಹೋಗುತ್ತಿದ್ದರು.

ಮಾಡಿಯೇ ತೋರಿಸುತ್ತೇನೆಂದು ಹಠ ಹಿಡಿದ. ಉದ್ದನೆಯ ಕಟ್ಟಿಗೆ ಡಬ್ಬಿ; ಒಂದು ತುದಿಯ ಹೊರಗೆ ಸೀಮೆಎಣ್ಣೆ ದೀಪ, ಒಳಗೆ ಮಸಿ ಹಿಡಿಸಿದ ಗಾಜುಗಳು, ಬ್ಲೇಡಿನಿಂದ ಗೀರಿದ ಎರಡು ಸೀಳು, ಕೊನೆಗೆ ಬೆಳಕು ಬಿದ್ದಲ್ಲಿ ಗುರುತು ಹಿಡಿಯುವ ಫೋಟೊ ಪ್ಲೇಟು. ಒಮ್ಮೆಗೆ ಒಂದೇ ಕಾಳು ದಾಟುವಷ್ಟು ಮಂದ ಬೆಳಕು. ಪಟ್ಟೆ ಮೂಡಲು ತೊಂಬತ್ತು ದಿನ ಬೇಕು, ಅಲ್ಲಿಯವರೆಗೆ ಮುಚ್ಚಳ ತೆಗೆದರೆ ಪ್ಲೇಟು ಹಾಳು.

“ರಾಯಚೂರಾಗ ಬಿಸಿಲಿಗೆ ಬರ ಇಲ್ಲ, ಇಂವ ನೋಡಿದ್ರ ಬೆಳಕು ಹನಿ ಹನಿ ಮಾಡಿ ಡಬ್ಬಿಗೆ ಹಾಕಾಕತ್ತಾನ,” ಎಂದು ಗಣಿತದ ಹುಸೇನಪ್ಪ ನಗೆಯಾಡಿದ.

ದೀಪಕ್ಕೆ ಎಣ್ಣೆ ಹಾಕುವ ಕೆಲಸ ಕಸ ಗುಡಿಸುವ ಮುದುಕಿ ಜಂಬಮ್ಮನದು. ಎಪ್ಪತ್ತನೆಯ ದಿನ ಕನಕರಾಯ ದಸರೆಗೆಂದು ಮಾನ್ವಿಯ ಅಕ್ಕನ ಮನೆಗೆ ಹೋದ. ಮರಳಿದಾಗ ಆಯುಧಪೂಜೆ ಮುಗಿದು, ತಕ್ಕಡಿ, ಲೆನ್ಸು, ಬ್ಯಾಟರಿಗಳ ಮೇಲೆಲ್ಲ ವಿಭೂತಿ ಕುಂಕುಮ. ಡಬ್ಬಿಯ ಮುಚ್ಚಳದ ಒಳಅಂಚಿನಲ್ಲೂ ಕುಂಕುಮ ಕಂಡು ಅವನು ಜಂಬಮ್ಮನನ್ನು ಕೂಗಿದ.

“ಮುಚ್ಚಳ ತಗದಿದ್ದೇನು ಯವ್ವಾ?”

“ಹೂಂರೀ ಸಾಹೇಬ್ರ. ಎಲ್ಲಾ ಸಾಮಾನಿಗೂ ಪೂಜಿ ಆತು, ನಿಮ್ಮದೊಂದು ಪರದೇಶಿ ಕೂಸಿನಂಗ ಕುಂತಿತ್ತು. ಮ್ಯಾಲ ಹಚ್ಚಿದ್ರ ಕಟ್ಟಿಗಿಗೆ ಹಚ್ಚಿದಂಗ. ಮಷಿನು ಒಳಗ ಅದಲ್ರಿ, ಅದಕ್ಕ ತಗದು ಎರಡು ಹೂವು ಇಟ್ಟೆ.”

ಬೈಯಲು ಬಾಯಿ ತೆರೆದ. ಆದರೆ ಆ ಡಬ್ಬಿಗಾಗಿ ಮರುಗಿದ ಜೀವ ಊರಿನಲ್ಲಿ ಅದೊಂದೇ. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಎಲ್ಲವನ್ನೂ ಹೇಳತೊಡಗಿದ.

“ಈಗ ನೋಡಿದ್ರ ಹಿಂದ ಬಂದಿದ್ದೂ ಬದಲಾಗ್ತದಾ? ಅಯ್ಯ ಶಿವನ!” ಎಂದಳು ಜಂಬಮ್ಮ.

ಪ್ಲೇಟು ಕೆಟ್ಟದ್ದು ಅವಳು ನೋಡಿದ್ದಕ್ಕಲ್ಲ, ಬರೀ ಹೊರಗಿನ ಬೆಳಕು ಬಿದ್ದು. ಆದರೆ ಇಷ್ಟು ವರ್ಷ ಯಾರಾದರೂ ಕೇಳಲಿ ಎಂದು ಕಾದಿದ್ದ ಪ್ರಶ್ನೆ ಅದೇ. ಕನಕರಾಯನಿಗೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಪ್ರಿನ್ಸಿಪಾಲರು ಕರೆದರೆಂದು ಅವಳು ಎದ್ದು ಹೋದಳು.

ಹೊಸ ಪ್ಲೇಟು ಹಾಕಿದ. ಒಮ್ಮೆ ದೀಪ ಆರಿತು, ಒಮ್ಮೆ ಇಲಿ ಡಬ್ಬಿ ಕಡಿಯಿತು; ಪ್ರತಿ ಸಲ ಮೊದಲಿನಿಂದ ಎಣಿಕೆ. ನಡುವೆ ಜಂಬಮ್ಮ ಕೆಲಸ ಬಿಟ್ಟು ಪೋತ್ನಾಳದ ಮಗಳ ಮನೆ ಸೇರಿದಳು. ಅಂತೂ 1982ರಲ್ಲಿ ಪ್ಲೇಟನ್ನು ರಾಸಾಯನಿಕದಲ್ಲಿ ತೊಳೆದಾಗ ಪಟ್ಟೆಗಳು ಮೂಡಿದ್ದವು. ಹುಸೇನಪ್ಪ ಅದನ್ನು ಒಮ್ಮೆ ತಿರುಗಿಸಿ ನೋಡಿ, “ಚಲೋ ಬಂದದ,” ಎಂದು ಚಹಾ ಕುಡಿಯಲು ಹೋದ.

ಕನಕರಾಯ ಪ್ಲೇಟನ್ನು ಟವೆಲಿನಲ್ಲಿ ಸುತ್ತಿಕೊಂಡು ಪೋತ್ನಾಳದ ಬಸ್ಸು ಹತ್ತಿದ. ಜಂಬಮ್ಮ ಗಾಜನ್ನು ಬಿಸಿಲಿಗೆ ಎತ್ತಿ ಹಿಡಿದಳು, ಮತ್ತೆ ತೊಡೆಯ ಮೇಲಿಟ್ಟುಕೊಂಡಳು.

“ಕಣ್ಣಿಗೆ ಪೊರಿ ಬಂದಾವ್ರಿ ಸಾಹೇಬ್ರ. ಏನೂ ಕಾಣವಲ್ದು. ನೀವ ಹೇಳ್ರಿ.”

ಅವಳ ಬೆರಳು ಹಿಡಿದು ಗಾಜಿನ ಮೇಲೆ ಮೆಲ್ಲಗೆ ನಡೆಸಿದ. “ಇದು ಕರಿ. ಇದು ಬಿಳಿ. ಮತ್ತ ಕರಿ.”

“ಹೂಂ,” ಎಂದಳು ಜಂಬಮ್ಮ.

ಹತ್ತೊಂಬತ್ತು ಪಟ್ಟೆಗಳಿದ್ದವು. ಹತ್ತೊಂಬತ್ತಕ್ಕೂ ಹೂಂ ಎಂದಳು.