ಮೊದಲು ಕೊಡಲಿ ಕೊಟ್ಟವನು

ಯುದ್ಧ ನಡೆಯುತ್ತಿದ್ದ ಕಾಲ. ಬಿ.ಎ. ಮುಗಿಸಿ ಆದವಾನಿಗೆ ಮರಳಿದ್ದ ನಾನು, ಹಳ್ಳಿಗಳ ಜಗಳ ಬಿಡಿಸಲು ಕೆಲವರು ಕಟ್ಟಿಕೊಂಡಿದ್ದ ಸೇವಾ ಮಂಡಳಿ ಸೇರಿದ್ದೆ. ಕೌತಾಳಂ ಕಡೆಯ ಒಂದು ಊರಿನಲ್ಲಿ ಕುರಿಗಳು ಹತ್ತಿ ಹೊಲಕ್ಕೆ ನುಗ್ಗಿದ್ದವು. ಗೊಬ್ಬರಕ್ಕೆಂದು ಪ್ರತಿ ವರ್ಷ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಿದ್ದ ರೈತರೇ ಈಗ ಕುರಿ ಕಂಡರೆ ಕಲ್ಲು ತೂರುತ್ತಿದ್ದರು.

ಕುರಿಗಾರರು, ರೈತರು ಎರಡೂ ಓಣಿಯವರು ಕೊಡಲಿ, ಕುಡುಗೋಲು ತಂದು ಚಾವಡಿಯಲ್ಲಿಡಬೇಕು, ಆಮೇಲೆ ಮಾತು ಎಂದು ನಾನೇ ಗೊತ್ತುಮಾಡಿದೆ. ಕುರಿಗಾರರು ಬಿಸಿಲೇರುವ ಮುಂಚೆ ಹೊರಡುವವರು. ರೈತರು ಹೊಲದಿಂದ ಬರುವುದು ಮಧ್ಯಾಹ್ನ. ಅವರವರ ಕೆಲಸ ಕೆಡಬಾರದೆಂದು ಬೆಳಿಗ್ಗೆ ಕುರಿಗಾರರು, ಮಧ್ಯಾಹ್ನ ರೈತರು ತಂದಿಡಲಿ ಎಂದೆ.

ಬೆಳಿಗ್ಗೆ ಚಾವಡಿಗೆ ಬಂದ ಕುರಿಗಾರರ ಹಿರಿಯನೊಬ್ಬ ಕೊಡಲಿ ಹಿಡಿದೇ ನಿಂತ.

"ಕುರಿಗೆ ಜಾಲಿ ಟೊಂಗಿ ಕಡಿಯಾಕ ನಿನ್ನ ಬಿ.ಎ. ಕಾಗದ ಒಯ್ಯಲೇನು, ತಮ್ಮಾ?"

ಎಲ್ಲರೂ ನಕ್ಕರು.

"ಒಂದ ದಿನ, ಯಜಮಾನ್ರ. ಮಧ್ಯಾಹ್ನಕ್ಕ ಅವರೂ ಇಡ್ತಾರ."

"ಅವರು ಒಪ್ಪ್ಯಾರೇನು?"

"ಒಪ್ಪ್ಯಾರ" ಎಂದೆ. ಒಪ್ಪಿದ್ದವರು ಇಬ್ಬರು ಮುಖಂಡರು. ಉಳಿದವರನ್ನು ನಾನು ಕೇಳಿರಲಿಲ್ಲ. ಆತ ಕೊಡಲಿ ಇಟ್ಟ. ಅವನನ್ನು ನೋಡಿ ಉಳಿದವರೂ ಇಟ್ಟರು. ಬಾಗಿಲಿಗೆ ನಾನೇ ಬೀಗ ಹಾಕಿದೆ.

ಒಂದು ಗಂಟೆಯೂ ಆಗಿರಲಿಲ್ಲ. ಕೆರೆ ದಾರಿಯಲ್ಲಿ ಅವನ ಹಿಂಡಿಗೆ ನಾಲ್ವರು ರೈತರು ಅಡ್ಡ ಬಂದದ್ದು ಚಾವಡಿಯಿಂದಲೇ ಕಂಡಿತು. ಕೂಗುತ್ತ ಓಡಿದೆ. ಆತ ಓಡಲಿಲ್ಲ. ಎರಡೂ ಕೈ ಮೇಲೆತ್ತಿ, ಏನೂ ಇಲ್ಲವೆಂದು ಅಂಗೈ ತೋರಿಸಿದ. ಆ ಕೈಗಳನ್ನು ನಾನು ಇವತ್ತಿಗೂ ನೋಡುತ್ತಲೇ ಇದ್ದೇನೆ. ಕುಡುಗೋಲು ಬಿದ್ದದ್ದು ತೊಡೆಗೆ.

ಗಾಡಿಯಲ್ಲಿ ಹಾಕಿಕೊಂಡು ಆದವಾನಿಯ ಆಸ್ಪತ್ರೆಗೆ ಹೊರಟೆವು. ನನ್ನ ಧೋತರ ಹರಿದು ಗಾಯಕ್ಕೆ ಒತ್ತಿ ಹಿಡಿದಿದ್ದೆ. ಊರಿನಿಂದ ಕೂಗು, ಬಾಗಿಲು ಬಡಿಯುವ ಸದ್ದು ಕೇಳಿಸಿತು. ಮಲಗಿದ್ದಲ್ಲಿಂದಲೇ ಆತ ಹೇಳಿದ:

"ಇಳಿ, ತಮ್ಮಾ. ನಮ್ಮವರು ಕೊಡಲಿ ತಗೊಳ್ಳಾಕ ಚಾವಡಿ ಬಾಗಲಾ ಒಡಿಯಾಕತ್ತಾರ. ನಾ ಸತ್ತೀನಂತ ತಿಳದಾರ. ಅದೀನಿ ಅಂತ ಹೇಳ ಹೋಗು."

"ಕೈ ತಗೀಬ್ಯಾಡ್ರಿ, ಸ್ವಾಮಿ. ತಗದ್ರ ಈತ ಊರ ದಾಟೂದಿಲ್ಲ" ಎಂದ ಗಾಡಿಯವ. ಅವನು ಎತ್ತು ಬಿಡುವಂತಿರಲಿಲ್ಲ. ಗಾಡಿಯಲ್ಲಿ ನಾವು ಮೂವರೇ.

ನಾನು ಇಳಿಯಲಿಲ್ಲ. ಆತ ಇನ್ನೂ ಎರಡು ಸಲ ಹೇಳಿದ, ಆಮೇಲೆ ಕಣ್ಣು ಮುಚ್ಚಿದ.

ಆತ ಉಳಿದ. ಮೂರನೆಯ ದಿನ ಊರಿನಿಂದ ಬಂದವರು, ಅಂದಿನ ಹೊಡೆದಾಟದಲ್ಲಿ ಅವನ ಒಡಹುಟ್ಟಿದ ತಮ್ಮ ಸತ್ತ ಸುದ್ದಿ ಹೇಳುವಾಗ ನಾನು ಹಾಸಿಗೆಯ ಪಕ್ಕದಲ್ಲೇ ನಿಂತಿದ್ದೆ. ಆತ ನನ್ನ ಕಡೆ ನೋಡಲಿಲ್ಲ. ಬಂದವರನ್ನು ಕೇಳಿದ:

"ಕುರಿ ಯಾರು ಕಾಯಾಕತ್ತಾರ?"