ಕಾಲರ್ ಅಕ್ಕನ ಮುಂದಿನ ರಾಶಿ

ಹೋದ ತಿಂಗಳು ಕೆ.ಆರ್. ಪೇಟೆ ಬಸ್ ನಿಲ್ದಾಣದ ಹಿಂದಿನ ಟೈಲರ್ ಅಂಗಡಿಯಲ್ಲಿ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಕೂತಿದ್ದೆ. ಒದ್ದೆ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿದಾಗ ಎದ್ದ ಹಬೆ, ಅದರಲ್ಲಿ ಬೆರೆತ ಮಿಷನ್ ಎಣ್ಣೆಯ ವಾಸನೆ... ಹಳೆಯ ಕಾರ್ಖಾನೆ ಕಣ್ಣೆದುರು ಬಂತು. ಪ್ಯಾಂಟು ನಾಳೆ ಒಯ್ಯುತ್ತೇನೆಂದು ಹೇಳಿ ಎದ್ದು ಬಂದೆ.

ತೊಂಬತ್ತರ ದಶಕದ ನಡುವಿನ ವರ್ಷಗಳು. ಡಿಪ್ಲೊಮಾ ಮುಗಿಸಿದ್ದ ನನಗೆ ಪಾಂಡವಪುರದ ಒಂದು ಷರಟು ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ತಗಡಿನ ಷೆಡ್ಡು, ಒಂದರ ಹಿಂದೆ ಒಂದು ಮಿಷನ್ನು, ಇಪ್ಪತ್ತೆರಡು ಹೆಂಗಸರು. ಒಬ್ಬಳು ಜೇಬು ಹೊಲಿದರೆ ಮುಂದಿನವಳು ಭುಜ ಕೂಡಿಸುತ್ತಿದ್ದಳು, ಆಮೇಲೆ ಕಾಲರು, ಆಮೇಲೆ ತೋಳು. ಯಾರಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಸ್ಟಾಪ್‌ವಾಚ್ ಹಿಡಿದು ಬರೆದುಕೊಳ್ಳುವುದು, ಸಾಲು ಎಲ್ಲಿ ಕಟ್ಟಿಕೊಳ್ಳುತ್ತದೋ ಅಲ್ಲಿ ಬಿಡಿಸುವುದು ನನ್ನ ಕೆಲಸ. ಎಲ್ಲರ ಕೈಗೂ ಒಂದೇ ಹೊತ್ತಿನ ಕೆಲಸ ಬರುವಂತೆ ಹಂಚಿದರೆ ಬಟ್ಟೆ ನೀರಿನ ಹಾಗೆ ಹರಿಯುತ್ತದೆ ಎಂದು ಕಾಲೇಜಿನಲ್ಲಿ ಕಲಿಸಿದ್ದರು. ನಾನೂ ಅದನ್ನು ನಂಬಿದ್ದೆ.

ಸಾಲು ಕಟ್ಟಿಕೊಳ್ಳುತ್ತಿದ್ದುದು ಕಾಲರ್ ಅಕ್ಕನ ಹತ್ತಿರ. ನಲವತ್ತು ದಾಟಿದ ವಿಧವೆ. ಕಾಲರು ಕೂರಿಸುವುದು ಆಕೆಯ ಕೆಲಸವಾದ್ದರಿಂದ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಆಕೆಯ ಎದುರು ಅಂಗಿಗಳ ರಾಶಿ ಮೊಣಕಾಲೆತ್ತರ ಬೆಳೆಯುತ್ತಿತ್ತು. ಆಕೆಯ ಮುಂದಿದ್ದ ತೋಳು ಹೊಲಿಯುವ ಹುಡುಗಿ, ಮೇಲುಕೋಟೆ ರಸ್ತೆಯ ಹಳ್ಳಿಯವಳು, ಕೆಲಸ ಬರದೆ ಕಾಲು ಚಾಚಿ ಸುಮ್ಮನೆ ಕೂತಿರುತ್ತಿದ್ದಳು. ಬಟ್ಟೆಯೇ ಬಾರದಿದ್ದರೆ ಅವಳನ್ನು ಬೈಯುವುದಾದರೂ ಹೇಗೆ?

"ಅಕ್ಕ, ಸ್ವಲ್ಪ ಕೈ ಜೋರು ಮಾಡಿ" ಎಂದರೆ ಆಕೆ ತಲೆ ಎತ್ತದೆ, "ಇರ್ಲಿ ಬುಡಪ್ಪ, ರಾಶಿ ಅಲ್ಲೇ ಬಿದ್ದಿರ್ತದೆ, ಎಲ್ಲಿಗೋಯ್ತದೆ?" ಎನ್ನುತ್ತಿದ್ದಳು.

ಒಂದು ದಿನ ಊಟದ ವಿರಾಮದಲ್ಲಿ ಬೇಗ ಒಳಗೆ ಬಂದೆ. ತೋಳಿನ ಹುಡುಗಿ ಇನ್ನೂ ಹೊರಗಿದ್ದಳು. ಕಾಲರ್ ಅಕ್ಕ ಒಬ್ಬಳೇ ಕೂತು ಹೊಲಿಯುತ್ತಿದ್ದಳು. ಆ ಕೈಗಳ ಓಟವನ್ನು ನಾನು ಅಷ್ಟು ದಿನ ಕಂಡಿರಲಿಲ್ಲ. ಮಾಮೂಲಿನ ಅರ್ಧ ಹೊತ್ತಿನಲ್ಲಿ ಒಂದೊಂದು ಕಾಲರು ಕೂರುತ್ತಿತ್ತು. ಹೊಲಿದದ್ದನ್ನು ರಾಶಿಯ ಅಡಿಯಲ್ಲಿ ತುರುಕುತ್ತಿದ್ದಳು. ನನ್ನನ್ನು ಕಂಡವಳೇ ಕೈ ನಿಲ್ಲಿಸಿದಳು.

ಆಗ ಕಾರಣ ಕೇಳಬಹುದಿತ್ತು. ಕೇಳಲಿಲ್ಲ. ನನಗೆ ಮೋಸ ಮಾಡಿದಳೆಂಬ ಸಿಟ್ಟು ಬಂತು. ನೇರ ಮಾಲೀಕರ ಕೋಣೆಗೆ ಹೋಗಿ, "ಬೇಕಂತ್ಲೇ ನಿಧಾನ ಮಾಡ್ತಾರೆ ಸಾರ್" ಎಂದುಬಿಟ್ಟೆ.

ಮರುದಿನವೇ ಆಕೆಯನ್ನು ದಾರ ಕತ್ತರಿಸುವ ಮೂಲೆಗೆ ಹಾಕಿದರು. ಕಾಲರಿಗೆ ಚುರುಕು ಕೈಯ ಇನ್ನೊಬ್ಬಳು ಬಂದಳು. ರಾಶಿ ಕರಗಿತು. ಬಟ್ಟೆ ನಿಜವಾಗಿಯೂ ನೀರಿನ ಹಾಗೆ ಹರಿಯಿತು. ಮಾಲೀಕರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಬೆಳಗಿನಿಂದ ಸಂಜೆಯವರೆಗೆ ಯಾವ ಮಿಷನ್ನೂ ನಿಲ್ಲುತ್ತಿರಲಿಲ್ಲ, ಯಾರ ಬೆನ್ನೂ ನೆಟ್ಟಗಾಗುತ್ತಿರಲಿಲ್ಲ.

ಮೂರನೇ ವಾರದಲ್ಲಿ ತೋಳಿನ ಹುಡುಗಿ ಮಿಷನ್ನಿನ ಮೇಲೆಯೇ ಕುಸಿದಳು. ಸ್ಟೂಲಿನಿಂದ ನೆಲಕ್ಕೆ ರಕ್ತ ಇಳಿಯುತ್ತಿತ್ತು. ಕಾಲರ್ ಅಕ್ಕ ಮೂಲೆಯಿಂದ ಓಡಿಬಂದು ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ಹುಡುಗಿ ಉಳಿದಳು. ಮಗು ಉಳಿಯಲಿಲ್ಲ.

ಸಂಜೆ ಕಾಲರ್ ಅಕ್ಕ ಹುಡುಗಿಯ ಬುತ್ತಿ ಡಬ್ಬಿ ಒಯ್ಯಲು ಆಸ್ಪತ್ರೆಯಿಂದ ಕಾರ್ಖಾನೆಗೆ ಬಂದಾಗ ಗೇಟಿನ ಹತ್ತಿರ ಸಿಕ್ಕಳು. ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ...

"ಐದು ತಿಂಗ್ಳು ಕಣಪ್ಪ" ಎಂದಳು. "ಇದಕ್ ಮುಂಚೆ ಒಂದು ಇಂಗೇ ಹೋಗಿತ್ತು. ಗೊತ್ತಾದ್ರೆ ಕೆಲ್ಸದಿಂದ ತಗ್ದಾಕ್ತಾರೆ ಅಂತ ಸೆರಗು ಹೊದ್ಕಂಡು ಬತ್ತಿತ್ತು ಆ ಹುಡ್ಗಿ. ನಾನು ಬೇಗ್ ಬೇಗ್ನೆ ತಳ್ಬುಟ್ರೆ ಅದು ಕಾಲ್ ಚಾಚಾದು ಯಾವಾಗ? ಅದ್ಕೇ ತಡ್ಕಂಡಿದ್ದೆ, ದಿನದ ಲೆಕ್ಕ ತಪ್ಪದಂಗೆ ಊಟದೊತ್ನಲ್ಲಿ ಹೊಲ್ದು ಬಚ್ಚಿಡ್ತಿದ್ದೆ."

"ನಂಗೆ ಗೊತ್ತಿರಲಿಲ್ಲ ಅಕ್ಕ."

"ಊಂ, ನಿಂಗೊತ್ತಿರ್ನಿಲ್ಲ." ಅಷ್ಟೇ ಹೇಳಿ ಬಸ್ಸಿನ ಕಡೆ ನಡೆದಳು.

ಅದಾದ ಮೇಲೂ ಆಕೆ ಕೆಲಸಕ್ಕೆ ಬಂದಳು. ದಿನವಿಡೀ ದಾರ ಕತ್ತರಿಸಿದಳು. ನಾನು ಪಕ್ಕದಲ್ಲಿ ಹಾದರೆ ಕಾಲು ಸರಿಸಿ ಜಾಗ ಬಿಡುತ್ತಿದ್ದಳು. ಆ ಮರ್ಯಾದೆ ನನಗೆ ತಡೆಯಲಾಗುತ್ತಿರಲಿಲ್ಲ.

ಮರುವರ್ಷ ಮಾಲೀಕರು ದೊಡ್ಡ ಷೆಡ್ಡು ಹಾಕಲು ಹೊರಟರು. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ, ಮೂರು ಕಡೆಯ ಜಾಗಕ್ಕೂ ಅಂಕ ಹಾಕಿಕೊಡಿ ಎಂದರು. ಬಾಡಿಗೆ, ಕರೆಂಟು, ಲಾರಿ ಹೋಗುವ ದಾರಿ, ಕಡಿಮೆ ಕೂಲಿಗೆ ಸಿಗುವ ಹೆಂಗಸರು... ಗೆರೆ ಎಳೆದು ಕೋಷ್ಟಕ ಮಾಡಿದೆ. ಈಗಿರುವವರು ಅಲ್ಲಿಗೆ ಹೇಗೆ ಬರುತ್ತಾರೆ ಎಂಬುದಕ್ಕೆ ಒಂದು ಸಾಲು ಬರೆದು ಒಯ್ದಿದ್ದೆ. ಮಾಲೀಕರು, "ಇದ್ಯಾಕ್ರೀ? ಅಲ್ಲೂ ಜನ ಇರ್ತಾರಲ್ಲ" ಎಂದರು. ನಾನೇ ನನ್ನ ಪೆನ್ನಿನಿಂದ ಅದನ್ನು ಹೊಡೆದುಹಾಕಿದೆ. ನಾಗಮಂಗಲ ಗೆದ್ದಿತು.

ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋಗಿಬರುವುದು ಪಾಂಡವಪುರದ ಹೆಂಗಸರಿಗೆ ಆಗದ ಮಾತು. ನಾನು ಹೋದೆ. ಕೊನೆಯ ದಿನ ಮಿಷನ್ನುಗಳನ್ನು ಲಾರಿಗೆ ಏರಿಸುವಾಗ ಅವರೆಲ್ಲ ರಸ್ತೆಯಾಚೆ ನಿಂತಿದ್ದರು. ಕಾಲರ್ ಅಕ್ಕನೂ ಇದ್ದಳು. ಹತ್ತಿರ ಹೋಗಿ ತಪ್ಪಾಯಿತೆಂದು ಹೇಳಬೇಕೆಂದುಕೊಂಡೆ. ಲಾರಿಯವನು ಹಾರ್ನ್ ಹೊಡೆದ. ಹತ್ತಿಬಿಟ್ಟೆ.

ಟೈಲರ್ ಅಂಗಡಿಯಿಂದ ಎದ್ದು ಬಂದ ಮರುವಾರ ಪಾಂಡವಪುರಕ್ಕೆ ಹೋಗಿ ಆಕೆಯ ಬೀದಿ ಹುಡುಕಿದೆ. ಮನೆಯಲ್ಲಿ ಆಕೆಯ ನಾದಿನಿ ಇದ್ದರು. ಕಾರ್ಖಾನೆ ಹೋದ ಮೇಲೆ ಆಕೆ ಆಲೆಮನೆಯಲ್ಲಿ ಬೆಲ್ಲದ ಒಲೆಗೆ ಉರಿ ಹಾಕುವ ಕೆಲಸಕ್ಕೆ ಸೇರಿದ್ದಳಂತೆ. ವರ್ಷಗಟ್ಟಲೆ ಹೊಗೆ ಕುಡಿದು ಕೆಮ್ಮು ಹಿಡಿಯಿತಂತೆ.

"ಕೊನೆಕೊನೇಲಿ ಮಲಗಕ್ಕೂ ಆಯ್ತಿರ್ನಿಲ್ಲ, ಗೋಡೆಗೆ ಒರಗೇ ಕೂತಿರೋಳು. ಅಂಗೇ ಹೋಗ್ಬುಟ್ಳು" ಎಂದ ಅವರು ನೀರು ತಂದಿಟ್ಟು, "ನೀವ್ಯಾರು ಅಂತ ಗೊತ್ತಾಗ್ನಿಲ್ಲ" ಎಂದರು.

"ಅವರ ಜೊತೆ ಕೆಲಸ ಮಾಡ್ತಿದ್ದೆ" ಎಂದೆ.

ಅವರ ಮುಖದಲ್ಲಿ ಒಮ್ಮೆಲೇ ನೆಂಟರನ್ನು ಕಂಡಂಥ ಗೆಲುವು ಮೂಡಿತು. "ಊಟ ಮಾಡ್ಕಂಡೇ ಹೋಗ್ಬೇಕು" ಎನ್ನುತ್ತ ಒಳಗೆ ಎಲೆ ಹಾಕಲು ಹೋದರು. ಅವರು ತಿರುಗಿ ಬರುವಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿ ಬೀದಿಯ ತುದಿ ಸೇರಿದ್ದೆ.